ಗಡಿಯಾರದಯ್ಯನ ಅರಿಶಿನ ಪ್ರಯೋಗ

"ಎರಡೇ ತಿಂಗಳು! ವೈದ್ಯಲೋಕವೇ ನನ್ನ ಅಂಗಡಿ ಬಾಗಿಲಿಗೆ ಬರದಿದ್ರೆ ಕೇಳು!" ಎಂದು ಗಡಿಯಾರ ರಿಪೇರಿಯ ಅಯ್ಯ ಘೋಷಿಸಿದಾಗ, ಅವನ ಹೆಂಡತಿ ಮೊಣಕಾಲಿಗೆ ಬಿಸಿನೀರಿನ ಚೀಲ ಒತ್ತಿಕೊಂಡು ಕೂತಿದ್ದಳು.

ಅಯ್ಯನ ಬೆರಳ ಗೆಣ್ಣುಗಳು ಊದಿಕೊಂಡು ವರ್ಷವಾಗಿತ್ತು. ಸಾಸಿವೆ ಕಾಳಿಗಿಂತ ಸಣ್ಣ ತಿರುಪು ಹಿಡಿಯುವ ಬೆರಳು ಸೋತರೆ ಅನ್ನಕ್ಕೇ ಸಂಚಕಾರ. ಆ ಭಯದಲ್ಲಿ ಸಿಕ್ಕಿದ್ದನ್ನೆಲ್ಲ ಓದಿದ. ಅರಿಶಿನ ಉರಿಯೂತ ತಗ್ಗಿಸಬಹುದು ಎಂಬ ಸಂಶೋಧನೆಗಳಲ್ಲಿ 'ಬಹುದು' ಒಂದನ್ನು ಬಿಟ್ಟು ಉಳಿದದ್ದೆಲ್ಲ ಅವನಿಗೆ ಬಾಯಿಪಾಠವಾಯಿತು. ಮೈಗೆ ಹತ್ತಲು ಕರಿಮೆಣಸು ಬೇಕಂತೆ. ಸರಿ, ಮೆಣಸೂ ಬಂತು! ದಿನಕ್ಕೆ ಒಂದು ಚಮಚವಿದ್ದದ್ದು ಒಂಬತ್ತಾಯಿತು. ಅದರ ಮೇಲೆ ಅರಿಶಿನದ ಸಾರ ತುಂಬಿದ ಮಾತ್ರೆಗಳು ಬೇರೆ.

ವಿಜ್ಞಾನವೆಂದ ಮೇಲೆ ಹೋಲಿಕೆಗೆ ಒಬ್ಬರು ಬೇಡವೇ? ಹೆಂಡತಿಯ ಮೊಣಕಾಲು ಕೈಗೆಟುಕುವಲ್ಲೇ ಇತ್ತು.

"ನೀನು ಏನೂ ತಗೋಬಾರದು. ಮಾತ್ರೆ, ಎಣ್ಣೆ, ಈ ಚೀಲ, ಯಾವುದೂ!"

"ನೋವಾದ್ರೆ?"

"ಆಗ್ಲೇಬೇಕು ಕಣೇ! ನಿನ್ನ ನೋವು ಹಾಗೇ ಇದ್ರೆ ತಾನೇ ನನ್ನ ಅರಿಶಿನ ಗೆಲ್ಲೋದು?"

"ಕಟ್ಟಿಕೊಂಡ ಗಂಡನ ಬಾಯಲ್ಲಿ ಎಂಥ ಮಾತು!" ಎಂದು ಅವಳು ಚೀಲ ಕೆಳಗಿಟ್ಟಳು.

ನೋಟ್‌ಬುಕ್ಕಿನ ಎಡಭಾಗಕ್ಕೆ ಅವನ ಬೆರಳು, ಬಲಭಾಗಕ್ಕೆ ಅವಳ ಮೊಣಕಾಲು. ಟವೆಲು, ಚಮಚ, ಹಲ್ಲು, ಗಿರಾಕಿಗಳ ಗಡಿಯಾರ, ಎಲ್ಲವೂ ಹಳದಿ! ಆರನೇ ವಾರಕ್ಕೆ ಅವನಿಗೆ ಊಟ ಸೇರಲಿಲ್ಲ. ಮೈಯೆಲ್ಲ ತುರಿಕೆ.

"ರೀ, ಕಣ್ಣು ಹಳದಿಯಾಗಿದೆ. ಡಾಕ್ಟರ ಹತ್ರ ಹೋಗೋಣ."

"ನೋಡಿದ್ಯಾ! ಕಣ್ಣಿನವರೆಗೂ ಹತ್ತಿದೆ! ಎಲ್ಲ ಮೆಣಸಿನ ಮಹಿಮೆ!"

ಹಾಗೆ ಹಿಗ್ಗಿದವನು ಎರಡು ದಿನ ಬಿಟ್ಟು ಅಂಗಡಿಯ ಮೇಜಿನ ಮೇಲೇ ಕುಸಿದ.

"ಲಿವರ್‌ಗೆ ಪೆಟ್ಟಾಗಿದೆ," ಎಂದರು ಆಸ್ಪತ್ರೆಯ ಡಾಕ್ಟರಮ್ಮ. "ಅರಿಶಿನದಿಂದ ಹೀಗಾಗೋದು ಅಪರೂಪ, ಆದ್ರೆ ಆಗುತ್ತೆ. ಇನ್ನೊಂದು ವಾರ ತಡ ಮಾಡಿದ್ರೆ ನಾನು ನಿಮ್ಮ ಹೆಂಡತಿ ಜೊತೆ ಮಾತ್ರ ಮಾತಾಡಬೇಕಿತ್ತು."

"ಹಾಗಾದ್ರೆ ಸಂಶೋಧನೆ ಎಲ್ಲ ಸುಳ್ಳಾ, ಡಾಕ್ಟ್ರೇ?"

"ಸುಳ್ಳಲ್ಲ. ಕೆಲವರಿಗೆ ಮಂಡಿನೋವು ಸ್ವಲ್ಪ ತಗ್ಗಿದೆ. ನೋಡಿದ್ದು ಸ್ವಲ್ಪ ಜನರನ್ನ, ಸ್ವಲ್ಪ ದಿನ, ಅಳೆದು ಕೊಟ್ಟು. ನಿಮ್ಮ ಹಾಗೆ ಡಬ್ಬಗಟ್ಟಲೆ ಮುಕ್ಕಿದವರು ಅದರಲ್ಲಿ ಯಾರೂ ಇರಲಿಲ್ಲ! ಲಿವರ್ ಸುಧಾರಿಸೋ ತನಕ ಬೆರಳಿನ ನೋವಿಗೆ ಮಾತ್ರೆಯೂ ಕೊಡೋಕಾಗಲ್ಲ. ತಡ್ಕೊಳ್ಳಿ."

ಅಯ್ಯನಿಗೆ ಮೊದಲ ಸಲ ಸಾವಿನ ಭಯವಾಯಿತು. ಬೆರಳು ಮಡಚಲು ನೋಡಿದ. ಮೊದಲಿಗಿಂತ ದಪ್ಪವಾಗಿದ್ದವು. ಇನ್ನು ತಿರುಪು ಹಿಡಿದ ಹಾಗೇ!

ಹೆಂಡತಿ ಮನೆಯಿಂದ ತಂದಿದ್ದ ನೋಟ್‌ಬುಕ್ಕನ್ನು ಡಾಕ್ಟರಮ್ಮ ತಿರುವಿದರು. ಬಲಭಾಗದಲ್ಲಿ ನಲವತ್ತಾರು ದಿನವೂ 'ನೋವು ಹಾಗೇ ಇದೆ' ಎಂದಿತ್ತು.

"ಇದನ್ನ ದಿನಾ ಇವರನ್ನ ಕೇಳಿ ಬರೆದ್ರಾ?"

"ಕೇಳೋದೇನಿದೆ? ಅವಳು ಏನೂ ತಗೊಂಡೇ ಇಲ್ವಲ್ಲ," ಎಂದ ಅಯ್ಯ, ಗೋಡೆ ನೋಡುತ್ತಾ.

"ನೋವು ತಾನಾಗೇ ಹೋಗಿ ಮೂರು ವಾರ ಆಯ್ತು, ಡಾಕ್ಟ್ರೇ," ಎಂದಳು ಹೆಂಡತಿ. "ಇಲ್ಲಿನ ಲಿಫ್ಟ್ ಕೆಟ್ಟಿತ್ತು. ನಾಲ್ಕು ಮಹಡಿ ಹತ್ತಿಕೊಂಡೇ ಬಂದೆ."

ಅಯ್ಯ ತಲೆದಿಂಬಿನಿಂದ ಅರ್ಧ ಎದ್ದ. "ಮೂರು ವಾರ! ಮತ್ತೆ ನಿನ್ನೆಯವರೆಗೂ ಮನೆಯಲ್ಲಿ ಕುಂಟ್ತಾ ಇದ್ದೆಯಲ್ಲ?"

ಅವಳು ಅವನ ಊದಿದ ಕೈಯನ್ನು ಮೆಲ್ಲಗೆ ಹೊದಿಕೆಯೊಳಗೆ ಸೇರಿಸಿದಳು.

"ಪಾಪ, ಗಂಡ ಗೆಲ್ಲಲಿ ಅಂತ!"