ಶೇಂಗಾ ಬ್ಯಾಡ್ರಿ ಅಂದ್ರ ಕೇಳವರ್ಯಾರು?

ಸಣ್ಣ ಕೂಸಿನ ಕೈ ಖಾಲಿ ಕಂಡ್ರ ನಮ್ಮ ಬೆಳಗಾವಿ ಕಡೀ ಮಂದಿಗೆ ಸಮಾಧಾನ ಇರೂದಿಲ್ಲ. ಗುರುತು ಇರ್ಲಿ ಬಿಡ್ಲಿ, ಏನರ ಒಂದು ತಿನಿಸು ತುರಕತಾರ. ಆ ತಿನಿಸಿನಾಗ ಶೇಂಗಾ ಇದ್ದ ಇರತೈತಿ. ಹಿಂಗಾಗಿ ಮಗಳನ್ನ ಕರಕೊಂಡು ನಾ ಹೊರಗ ಬಿದ್ದೆ ಅಂದ್ರ ಒಂದಿಲ್ಲೊಂದು ಫಜೀತಿ ಆಗೂದ.

ಇದು ಮನಿಮನ್ಯಾಗ ಚರಕಾ ತಿರಗತಿದ್ದ ಕಾಲದ ಮಾತು. ಮಗಳು ಆಗಷ್ಟ ಸಾಲಿಗೆ ಹೊಂಟಿದ್ಲು. ಅದಕ್ಕೂ ಮೊದಲ ಒಮ್ಮೆ ಅರ್ಧಾ ಶೇಂಗಾ ಉಂಡಿ ತಿಂದು, ತುಟಿ ಬಾತು, ಮೈತುಂಬ ಗಂಧಿ ಎದ್ದು, ಉಸಿರು ಸುಯ್‌ಸುಯ್ ಅನ್ನಾಕ ಹತ್ತಿತ್ತು. "ಶೇಂಗಾ ಈಕಿಗೆ ವಿಷಾ ಇದ್ದಂಗ. ಇನ್ನೊಮ್ಮೆ ತಿಂದ್ರ ಜೀವದ ಮಾತು ನಾ ಹೇಳೂದಿಲ್ಲ" ಅಂದಿದ್ರು ಕ್ಯಾಂಪಿನ ದವಾಖಾನಿ ಡಾಕ್ಟರು. ಅವತ್ತಿಂದ ನನಗ ಒಂದ ಅಂಜಿಕಿ. ಎಲ್ಲಿ ಹೋದ್ರೂ ಫರಾಳದ ಗಂಟು ಬಗಲಾಗ: ಜೋಳದ ಅಳ್ಳು, ಪುಠಾಣಿ, ಬೆಲ್ಲ, ಬಾಳೆಹಣ್ಣು. "ಶೇಂಗಾ ತಿಂದು ಸತ್ತವರು ಯಾರದಾರವಾ?" ಅಂತ ನಮ್ಮತ್ತಿ ನಗತಿದ್ರು. ನನಗ ಮಾತ್ರ ನಗು ಬರತಿರಲಿಲ್ಲ.

ಟಾಂಗಾದವನ ಕನಿಕರ

ಖಾನಾಪುರದಾಗ ನಮ್ಮ ಮನಿಯವರ ಸೋದರತ್ತಿಯ ಮೊಮ್ಮಗನ್ನ ತೊಟ್ಟಿಲದಾಗ ಹಾಕೂ ಕಾರ್ಯಾ ಇತ್ತು. ಸ್ಟೇಶನ್ನಿಗೆ ಟಾಂಗಾ ಮಾಡಿದ್ವಿ. ಅರ್ಧಾ ಹಾದ್ಯಾಗ ಟಾಂಗಾದವ ಕಿಸೆದಾಗ ಕೈ ಹಾಕಿ, ಒಂದು ಮುಷ್ಟಿ ಹುರದ ಶೇಂಗಾ ತಗದು, "ತಗೋ ಅವ್ವಿ" ಅಂತ ಹಿಂದ ಚಾಚಿದ. ನಾ ಗಪ್ಪನೆ ಅವನ ಕೈ ಹಿಡದೆ.

"ಬ್ಯಾಡಪಾ! ಅಕಿಗೆ ಅದು ಆಗಿಬರೂದಿಲ್ಲ."

ಮಗಳಿಗೆ ಗಂಟಿನಾಗಿನ ಅಳ್ಳು ಕೊಟ್ಟೆ. ಅವ ತಿರುಗಿ ಅಳ್ಳು ನೋಡಿದ, ಮಗಳನ್ನ ನೋಡಿದ, ನಮ್ಮ ಮನಿಯವರ ಜರತಾರಿ ರುಮಾಲು ನೋಡಿದ. ಆಮ್ಯಾಲ ಲೊಚ್ ಅಂತ ಬಾಯಿ ಮಾಡಿ, "ಏನ್ರಿ ಅಕ್ಕಾರ, ನನ್ನ ಕುದುರಿಗೆ ಸುದ್ದಾ ನಾ ದಿನಾ ಶೇಂಗಾ ಹಿಂಡಿ ಹಾಕತೀನ್ರಿ!" ಅಂದ.

ದೃಷ್ಟಿ ತಗದ ಮುದುಕಿ

ಮನಿಯವರು ಗಂಡಸರ ಡಬ್ಬಿ ಹತ್ತಿದ್ರು. ನಾವಿಬ್ಬರು ಹೆಂಗಸರ ಡಬ್ಬ್ಯಾಗ ಕುಂತ್ವಿ. ಗಾಡಿ ಸೀಟಿ ಹೊಡದಿದ್ದಿಲ್ಲ, ಎದುರಿನ ಮುದುಕಿ ಗಂಟು ಬಿಚ್ಚಿದ್ಲು. ಏನೈತಿ ಅದರಾಗ? ಶೇಂಗಾ ಹೋಳಿಗಿ!

ನಾ ಬ್ಯಾಡ ಅಂದೆ. ಅಕಿ ಮಾರಿ ಕೆಂಪಗಾತು. "ಯಾಕ, ನನ್ನ ಕೈದು ತಿಂದ್ರ ಜಾತಿ ಕೆಡತೈತೇನ?"

ಅಯ್ಯ ದೇವರ, ಹಂಗಲ್ಲಬೇ ಅಂತ ತುಟಿ ಬಾತದ್ದು, ಉಸಿರು ಕಟ್ಟಿದ್ದು ಎಲ್ಲಾ ಹೇಳಿದೆ. ಮುದುಕಿ ಕಣ್ಣಾಗ ನೀರು ತಂದ್ಲು. "ಇದು ದೃಷ್ಟಿ ತಂಗಿ, ಖರೇವಂದ್ರ ದೃಷ್ಟಿ" ಅಂತ ಅದ ಹೋಳಿಗಿ ಹಿಡಕೊಂಡು ಮಗಳ ತಲಿಸುತ್ತ ನಿವಾಳಿಸಿ, ಥೂ ಥೂ ಅಂದು, "ಹೋತು ನೋಡು ದೃಷ್ಟಿ. ಈಗ ತಿನ್ನಲಿ" ಅಂತ ಅಕಿ ಬಾಯಿಗೇ ಹಿಡದ್ಲು!

ನಾ ಮಗಳ ಬಾಯಿ ಮ್ಯಾಲ ಅಂಗೈ ಮುಚ್ಚಿದೆ. ಬಾಜೂಕ ಕುಂತಿದ್ದ ಜೈನರ ಹಿರಿ ಹೆಣ್ಣುಮಗಳೊಬ್ಬರು ತಮ್ಮ ಬುತ್ತಿ ಡಬ್ಬಿ ಮುಚ್ಚಿಕೋತ ನನ್ನ ಕಿವ್ಯಾಗ, "ನಿನಗ ಬುದ್ಧಿ ಇಲ್ಲ ತಂಗಿ. ಬ್ಯಾನಿ ಅಂದಿ ಅಂದ್ರ ಮಂದಿ ನೂರು ಔಷಧ ಹೇಳತಾರ. ವ್ರತ ಅನ್ನು, ಕೈ ಮುಗದು ಸುಮ್ನ ಕುಂದರತಾರ" ಅಂದ್ರು.

ಕಾಶಿ ಹೆಂಗೈತಿ?

ಸೋದರತ್ತಿ ಅಂದ್ರ ಪ್ರೀತಿಯ ಫೌಜುದಾರ. ಉಣ್ಣಸೂದರಾಗ ಖಾನಾಪುರಕ್ಕೇ ಹೆಸರಾದ ಹೆಂಗಸು. ಕೂಸಿನ ಹೆಸರು ಕರದದ್ದ ತಡಾ, ಶೇಂಗಾ ಉಂಡಿ ಪರಾತ ಹಿಡಕೊಂಡು ಬಂದು, ಒಂದು ಕೈಲೆ ನನ್ನ ಮಗಳ ಗದ್ದಾ ಹಿಡದು, ಇನ್ನೊಂದು ಕೈಲೆ ಉಂಡಿ ಎತ್ತಿದ್ರು.

"ಕಾಶಿಯೊಳಗ ಬಿಟ್ಟಾಳ್ರಿ!" ಅಂತ ಒದರಿದೆ. "ನಮ್ಮವ್ವನ ಜೋಡಿ ಕಾಶಿಗೆ ಹೋದಾಗ ಶೇಂಗಾ ಬಿಟ್ಟು ಬಂದಾಳ್ರಿ!"

ಕಾಶಿಗೆ ಹೋದವರು ಇಷ್ಟದ ಪದಾರ್ಥ ಒಂದನ್ನ ದೇವರಿಗೆ ಬಿಟ್ಟು ಬರೂದು ನಮ್ಮ ಕಡೆ ಪದ್ಧತಿ. ಆಮ್ಯಾಲ ಸಾಯೂತನಕ ಅದನ್ನ ಮುಟ್ಟಂಗಿಲ್ಲ. ಸೋದರತ್ತಿ ಕೈ ಅಲ್ಲೇ ನಿಂತಿತು. "ಅಗಬಾಯಿ! ಇಷ್ಟು ಸಣ್ಣಾಕಿ ಇದ್ದು ಕಾಶಿ ಕಂಡಾಳಾ!" ಅಂತ ಉಂಡಿ ಒಳಗ ಒಯ್ದು, ಕೈ ತೊಳಕೊಂಡು ಬಂದು, ಮಗಳ ಕಾಲಿಗೆ ನೀರು ಹಾಕಿದ್ರು. ಓಣಿ ಮುದುಕೇರು ಸಾಲುಗಟ್ಟಿ ನಮಸ್ಕಾರ ಮಾಡಿದ್ರು. ಮನಿಯವರು ಹೊರಗ ಪಡಸಾಲ್ಯಾಗ ಇದ್ರು, ನನ್ನ ಪುಣ್ಯಾ.

ಒಬ್ಬ ಅಜ್ಜಿ, "ಕಾಶಿ ಹೆಂಗೈತಿ ನನ್ನವ್ವ?" ಅಂತ ಕೇಳಿದ್ಲು. ಮಗಳು ಒಂದೀಟು ವಿಚಾರ ಮಾಡಿ, "ಖಾನಾಪುರಕಿಂತ ದೊಡ್ಡದೈತಿ, ಬೆಳಗಾವಿಕಿಂತ ಸಣ್ಣದೈತಿ" ಅಂದ್ಲು.

ಊಟಕ್ಕ ಹಾಗಲಕಾಯಿ ಪಲ್ಯಾ ಬಂತು. ಮಗಳು ಎಲಿ ಮ್ಯಾಲ ಎರಡೂ ಕೈ ಅಡ್ಡ ಹಿಡದು, "ಇದನ್ನೂ ಬಿಟ್ಟೀನಿ" ಅಂದ್ಲು.

ಮಾಸ್ತರರ ಸಂಶಯ

ಉಪ್ಪು ತಿಂದವರು ನೀರು ಕುಡೀಲೇಬೇಕು. ನಾವು ಬೆಳಗಾವಿಗೆ ಬಂದು ಹತ್ತು ದಿನಾ ಆಗಿದ್ದಿಲ್ಲ, ಸಾಲಿ ಮಾಸ್ತರರು ಮನಿಗೆ ಬಂದ್ರು. ವಯಸ್ಸಾದವರು, ಭಾಳ ದೇವರ ಅಂಜಿಕಿಯವರು. ಕಟ್ಟಿ ಮ್ಯಾಲ ಕುಂತು ಬೆವರು ಒರಸಕೊಂಡ್ರು.

"ತಂಗೆವ್ವಾ, ಏಳರ ಮಗ್ಗಿ ಹೇಳು ಅಂದ್ರ ನಿನ್ನ ಮಗಳು 'ಕಾಶಿಯೊಳಗ ಬಿಟ್ಟೀನ್ರಿ' ಅಂತಾಳ. ಛಡಿ ಎತ್ತಿದೆ, ಆದ್ರ ವಿಶ್ವನಾಥನ ಮಾತು, ಪಾಪ ತಟ್ಟೀತಂತ ಇಳಿಸಿದೆ. ಖರೇನ ಬಿಟ್ಟಾಳೇನವಾ?"

ಮಾಸ್ತರರ ಹೆಂಡತಿ ತವರುಮನಿ ಸೋದರತ್ತಿ ಮನಿ ಬಾಜೂಕ. ಕಾಶಿ ಸುಳ್ಳು ಅಂದ್ರ ನಾಳೆ ಖಾನಾಪುರಕ್ಕ ಮುಟ್ಟತೈತಿ, ಮುಂದಿನ ಹಬ್ಬಕ್ಕ ಉಂಡಿ ಮತ್ತ ನನ್ನ ಕೂಸಿನ ಬಾಯಿಗೆ ಬರತೈತಿ. ಖರೇ ಅಂದ್ರ ಮಗಳು ಮಗ್ಗಿಲ್ಲದ ಬೆಳೀತಾಳ. ದೇವರು ಆ ಹೊತ್ತಿಗೆ ಒಂದು ಬುದ್ಧಿ ಕೊಟ್ಟ.

"ಮಾಸ್ತರ, ಕಾಶಿಯೊಳಗ ಒಬ್ಬರು ಒಂದ ಬಿಡಬೇಕ್ರಿ. ಎರಡು ಬಿಡಾಕ ಬರೂದಿಲ್ಲ."

ಮಾಸ್ತರರ ಮಾರಿ ಅರಳಿತು. "ಹೌದ ಹೌದು, ಶಾಸ್ತ್ರ ಹಂಗ ಐತಿ" ಅಂತ ಎದ್ದು ನಿಂತ್ರು. ನಾನೂ ಗೆದ್ದೆ ಅಂತ ಉಸಿರು ಬಿಟ್ಟೆ.

ಬಾಗಲ ಹಿಂದ ನಿಂತು ಎಲ್ಲಾ ಕೇಳಿಸಿಕೊಂಡಿದ್ದ ಮಗಳು ಓಡಿ ಬಂದ್ಲು. ಮಾಸ್ತರರ ಧೋತರ ಹಿಡದು ಜಗ್ಗಿ ಕೂಗಿದ್ಲು:

"ಹಂಗಾದ್ರ ನಾ ಮಗ್ಗೀನ ಬಿಡತೀನ್ರಿ ಮಾಸ್ತರ, ನಮ್ಮವ್ವಗ ಶೇಂಗಾ ಕೊಡಾಕ ಹೇಳ್ರಿ!"