ಎವಾರಿಸ್ತೊನ ಮೂವತ್ತು ವರ್ಷದ ಮನೆ

ಎಡವಟ್ಟಿಗೆಲ್ಲ ಕಾರಣ ಎವಾರಿಸ್ತೊನ ಬಾಯಿ. ಬೆಳಿಗ್ಗೆ ಬ್ರೆಡ್ಡಿನ ಅಂಗಡಿಯಲ್ಲಿ ಸುಮ್ಮನೆ ಬ್ರೆಡ್ಡು ಕೊಂಡು ಹೋಗಬಾರದಿತ್ತೇ?

"ಜನ ವಾಸ ಇರೋ ಮನೆಯಿಂದ ಐನೂರು ಮೀಟರ್ ಒಳಗೆ ಔಷಧಿ ಹೊಡೆಯೋ ಹಾಗಿಲ್ಲ, ಅಲ್ವಾ? ಶಾಲೆ ಆಚೆ ಹಳೇ ರೈಲ್ವೆ ಕಾವಲುಗಾರನ ಗುಮಟಿ ಇದೆಯಲ್ಲ, ಅದರಲ್ಲಿ ಯಾರಾದ್ರೂ ಇದ್ದಿದ್ರೆ ಅಲ್ಲಿಂದಲೇ ಅಳೀತಿದ್ರು, ಶಾಲೆನೂ ಅದರೊಳಗೆ ಬರ್ತಿತ್ತು" ಅಂದುಬಿಟ್ಟ.

ಲಾ ಪೆರ್ದಿಸ್ ಊರಿನ ಸುತ್ತ ಕಣ್ಣು ಹಾಯುವವರೆಗೂ ಸೋಯಾ. ಪ್ರಯೋಗಾಲಯದಲ್ಲಿ ತಿದ್ದಿದ ತಳಿ. ಕಳೆನಾಶಕ ಸುರಿದರೆ ಹುಲ್ಲು ಸಾಯುತ್ತದೆ, ಸೋಯಾ ಸಾಯುವುದಿಲ್ಲ. ಆದರೆ ಮಕ್ಕಳನ್ನು ಯಾರೂ ಹಾಗೆ ತಿದ್ದಿಲ್ಲವಲ್ಲ! ಔಷಧಿಯ ಯಂತ್ರ ಶಾಲೆಯ ಬೇಲಿಗೆ ಅಂಟಿಕೊಂಡೇ ಓಡುತ್ತಿತ್ತು. ಶಾಲೆಯಲ್ಲಿ ಯಾರೂ ವಾಸವಿಲ್ಲ, ಆದ್ದರಿಂದ ಅದು ಲೆಕ್ಕಕ್ಕಿಲ್ಲ. ಎವಾರಿಸ್ತೊನ ಮೊಮ್ಮಗಳು ಅಬ್ರಿಲ್, ಏಳು ವರ್ಷದ ಕೂಸು, ಕಿಟಕಿ ಮುಚ್ಚಿದ ತರಗತಿಯಲ್ಲಿ ಕೂತು ಕೆಮ್ಮುತ್ತಿದ್ದಳು.

ಅಂಗಡಿಯಲ್ಲೇ ಇದ್ದ ಶಾಲೆಯ ಟೀಚರ್ ಓಫೆಲಿಯಾ ಅವನ ಮಾತು ಕೇಳಿ ತೋಳು ಹಿಡಿದರು. "ಮಧ್ಯಾಹ್ನ ಔಷಧಿ ಹೊಡೆಯೋದನ್ನ ನೋಡೋ ಇನ್ಸ್‌ಪೆಕ್ಟರ್ ಬರ್ತಿದಾರೆ. ನೀವೇ ಅಲ್ಲಿ ವಾಸ ಇದ್ದುಬಿಡಿ."

"ಅಲ್ಲಿ ಕೋಳಿಗಳು ವಾಸ ಇವೆ ಕಣಮ್ಮಾ!"

"ಅಬ್ರಿಲ್‌ಗೋಸ್ಕರನೂ ಇರಲ್ವಾ?"

ಮುಗಿಯಿತಲ್ಲ, ಒಪ್ಪಿಕೊಂಡ ಪಾಪ! ಹತ್ತು ಗಂಟೆಯೊಳಗೆ ಊರೇ ಗುಮಟಿಗೆ ನುಗ್ಗಿತು. ಒಬ್ಬರು ಮಂಚ ತಂದರು, ಒಬ್ಬರು ಪರದೆ ಕಟ್ಟಿದರು, ಮೂರು ಮನೆಯಿಂದ ಮೂರು ಕೆಟಲ್ ಬಂದವು. ಮದುವೆಯ ಫೋಟೋ ಕೇಳಿದರೆ ಎವಾರಿಸ್ತೊನ ಹೆಂಡತಿ ನೆಲಿದಾ, "ನನ್ನ ಮುಖ ಕೋಳಿಗೂಡಲ್ಲಿ ತೂಗುಹಾಕ್ತೀರಾ?" ಎಂದು ಬಾಗಿಲು ಹಾಕಿಕೊಂಡಳು. ಬ್ರೆಡ್ಡಿನಂಗಡಿಯ ರುಬೆನ್ ತನ್ನ ಮದುವೆಯ ಫೋಟೋವನ್ನೇ ತಂದು ಮೊಳೆಗೆ ಸಿಕ್ಕಿಸಿದ.

ಇನ್ಸ್‌ಪೆಕ್ಟರ್ ಪೆರಾಲ್ತಾ ವ್ಯಾನಿನಿಂದ ಇಳಿದು, "ನಾನು ಬಂದಿರೋದು..." ಅನ್ನುವಷ್ಟರಲ್ಲಿ ರುಬೆನ್ ಅವರ ಕೈ ಹಿಡಿದು ಎಳೆದ.

"ಆಮೇಲೆ ಹೇಳೋರಂತೆ ಸಾಹೇಬ್ರೇ! ಮೊದ್ಲು ಮನೆ ನೋಡಿ!"

ಒಳಗೆ ಎವಾರಿಸ್ತೊ ಹೊಸ ಅಳಿಯನ ಹಾಗೆ ಮಂಚದ ತುದಿಯಲ್ಲಿ ಕೂತಿದ್ದ. ಪಕ್ಕದಲ್ಲೇ ಒಂದು ಕೋಳಿ ಮೊಟ್ಟೆಯಿಟ್ಟಿತು. ಇನ್ಸ್‌ಪೆಕ್ಟರು ಫೋಟೋ ನೋಡಿದರು. ಅದರಲ್ಲಿ ರುಬೆನ್ ನೂರು ಕಿಲೋ ಇದ್ದ.

"ಇದು ನೀವಾ?" ಎಂದು ಎವಾರಿಸ್ತೊನನ್ನು ಕೇಳಿದರು.

"ಆಗ ಸ್ವಲ್ಪ... ದಪ್ಪ ಇದ್ದೆ."

"ಎಷ್ಟು ದಿನದಿಂದ ಇಲ್ಲಿದೀರಿ?"

"ಬೆಳಿಗ್ಗೆ..." ಎಂದು ಬಾಯಿ ತೆರೆದನೋ ಇಲ್ಲವೋ ಟೀಚರ್ ಅವನ ಕಾಲು ತುಳಿದರು.

"ಮೂವತ್ತು ವರ್ಷ!" ಎಂದು ರುಬೆನ್ ಕೂಗಿದ. "ನಾವೆಲ್ಲ ಸಾಕ್ಷಿ!"

ಇನ್ಸ್‌ಪೆಕ್ಟರು ಹುಬ್ಬೇರಿಸಿದರು. "ಬರ್ಕೊಡ್ತೀರಾ?"

ಬರೆದುಕೊಡದೆ ಬಿಡುತ್ತಾರೆಯೇ? ಇಪ್ಪತ್ತೆರಡು ಜನ ನಾ ಮುಂದು ತಾ ಮುಂದು ಎಂದು ಸಹಿ ಹಾಕಿದರು.

"ಈಗಾದ್ರೂ ನನಗೆ ಮಾತಾಡೋಕೆ ಬಿಡ್ತೀರಾ?" ಎಂದರು ಇನ್ಸ್‌ಪೆಕ್ಟರು ಕಾಗದ ಮಡಿಚುತ್ತ. "ಹೋದ ತಿಂಗಳಿಂದ ಹೊಸ ನಿಯಮ ಬಂದಿದೆ. ಮನೆ ಇರಲಿ ಬಿಡಲಿ, ಶಾಲೆ ಗೋಡೆಯಿಂದಲೇ ಸಾವಿರ ಮೀಟರ್. ಅದರೊಳಗೆ ಒಂದು ಹನಿ ಔಷಧಿ ಬೀಳೋ ಹಾಗಿಲ್ಲ. ನಾನು ಬಂದಿರೋದು ಗೂಟ ಹೊಡೆಯೋಕೆ."

ಆಗ ಎದ್ದ ಕೂಗಿಗೆ ಕೋಳಿಗಳು ಹಾರಿ ಜಂತಿ ಹತ್ತಿದವು. ಟೀಚರ್ ಅಳುತ್ತಲೇ ಶಾಲೆಗೆ ಓಡಿ ಕಿಟಕಿಗಳನ್ನೆಲ್ಲ ತೆರೆದರು. ಸೋಯಾದ ನಡುವೆ ದೂರದಲ್ಲಿ ವ್ಯಾನಿನ ಆಳುಗಳು ಮೊದಲ ಗೂಟ ನೆಟ್ಟಾಗ ಎವಾರಿಸ್ತೊನ ಕಣ್ಣೂ ಒದ್ದೆಯಾಯಿತು. ಅವನು ಮನಸ್ಸು ಹಗುರಾಗಿ, ಮಂಚ ಹೊತ್ತು ಊರಿನ ಕಡೆ ಹೆಜ್ಜೆ ಹಾಕಿದ.

"ನೀವು ನಿಲ್ಲಿ ಯಜಮಾನ್ರೇ" ಎಂದರು ಇನ್ಸ್‌ಪೆಕ್ಟರು. "ಇದು ರೈಲ್ವೆ ಜಾಗ. ಮೂವತ್ತು ವರ್ಷ ಅಪ್ಪಣೆ ಇಲ್ಲದೆ ಕೂತಿದೀರಿ. ಶನಿವಾರದೊಳಗೆ ಗೊಬ್ಬರ ಎಲ್ಲ ಬಾಚಿ, ಸೂರು ರಿಪೇರಿ ಮಾಡಿಸಿ, ಸುಣ್ಣ ಹೊಡೆದು ಒಪ್ಪಿಸಬೇಕು."

"ಅಯ್ಯೋ, ನಾನು ಇಲ್ಲಿ ಒಂದು ದಿನವೂ ಇದ್ದೋನಲ್ಲ ಸ್ವಾಮೀ!"

"ಹಾಗಾದ್ರೆ ಈ ಇಪ್ಪತ್ತೆರಡು ಜನ ಸರ್ಕಾರಕ್ಕೆ ಸುಳ್ಳು ಬರ್ಕೊಟ್ರಾ?"

ಎವಾರಿಸ್ತೊ ಊರವರ ಕಡೆ ತಿರುಗಿದ. ರುಬೆನ್‌ಗೆ ಒಲೆಯಲ್ಲಿಟ್ಟ ಬ್ರೆಡ್ಡು ಥಟ್ಟನೆ ನೆನಪಾಯಿತು. ಉಳಿದವರು ತಂತಮ್ಮ ಕೆಟಲ್ ಎತ್ತಿಕೊಂಡರು. ಅಷ್ಟರಲ್ಲಿ ಶಾಲೆಯ ಕಿಟಕಿಯಿಂದ ಅಬ್ರಿಲ್ ಅರ್ಧ ಮೈ ಹೊರಗೆ ಚಾಚಿ, ಒಂದು ಸಲವೂ ಕೆಮ್ಮದೆ, ಗಂಟಲು ಹರಿಯುವ ಹಾಗೆ "ಅಜ್ಜಾ!" ಎಂದು ಕೂಗಿದಳು.

ಎವಾರಿಸ್ತೊ ಮಂಚ ಕೆಳಗಿಟ್ಟ.

"ಇದ್ದೆ ಸಾಹೇಬ್ರೇ, ಮೂವತ್ತು ವರ್ಷ ಇದ್ದೆ" ಎಂದ. "ಎಲ್ಲಿ, ಸಲಿಕೆ ಯಾರ ಹತ್ರ ಇದೆ? ಅದನ್ನಾದ್ರೂ ಕೊಟ್ಟು ಹೋಗ್ರಯ್ಯಾ!"