ಮೊಮ್ಮಗಳಿಗೆ ಹಾಕಿದ ಕೀಲಿ ನನಗ ಬಿತ್ತು

ನೆಹರು ನಗರದ ನಮ್ಮ ಮನ್ಯಾಗ ಬೆಲ್ಲದ ಡಬ್ಬಿಗೆ ಕೀಲಿ ಇಲ್ಲ, ಕಪಾಟಿಗೂ ಇಲ್ಲ. ಇರೂದು ಟಿವಿಗೆ ಒಂದಕ್ಕ. ಅದು ಬಿದ್ದ ದಿನದಿಂದ ನಮ್ಮ ಮನ್ಯಾಗ ನಗಿಗೆ ಬರಗಾಲ ಇಲ್ಲ.

ಹಾಲಿನ ಜಗಳ

ನಾನೂ ಮೊಮ್ಮಗಳೂ ಕೂಡಿ ದಿನಾ ಸಂಜೀಕ ಅತ್ತಿ-ಸೊಸಿ ಧಾರಾವಾಹಿ ನೋಡತಿದ್ವಿ. ಅಕಿ ಇನ್ನೂ ಒಂದನೇತ್ತಾ ಸಾಲಿ ಹುಡುಗಿ. ಒಂದಿನ ಮುಂಜಾನೆ ನನ್ನ ಸೊಸಿ ಅಕಿಗೆ, "ಹಾಲ ಕುಡಿ ಬಾ" ಅಂದ್ಲು.

ಹುಡುಗಿ ಸೊಂಟದ ಮ್ಯಾಲ ಕೈ ಇಟ್ಟು, "ಈ ಹಾಲಿನ್ಯಾಗ ಏನ ಕಲಸಿದಿ, ಖರೇ ಹೇಳು! ಆಸ್ತಿ ಸಲುವಾಗಿ ಇಷ್ಟ ಮಾಡಿದ್ಯಾ?" ಅಂತು.

ಸೊಸಿ ನನ್ನ ಕಡೆ ನೋಡಿದ್ಲು. ನಾ ಫ್ಯಾನಿನ ಕಡೆ ನೋಡಿದೆ.

ಅವತ್ತ ಮಗ ಟಿವಿಗೆ ಕೀಲಿ ಹಾಕಿದ. ಒಬ್ಬೊಬ್ಬರಿಗೆ ಒಂದೊಂದು ಚಿತ್ರ, ತಮ್ಮ ಚಿತ್ರ ಒತ್ತಿ ಒಳಗ ಹೋಗಬೇಕಂತ. ನನಗ ಓದಾಕ ಬರೂದಿಲ್ಲ. "ಅವ್ವಾ, ನಿನಗ ಯಾವ ಚಿತ್ರ ಇಡ್ಲಿ?" ಅಂದ. "ಆ ಮೊಲ ಚಂದ ಐತಿ ನೋಡು" ಅಂದೆ. ಮೊಲ ಮಕ್ಕಳಿಗಿಟ್ಟ ಚಿತ್ರದ ಸಾಲಿನ್ಯಾಗಿತ್ತು. ಅವ ಗಡಿಬಿಡಿಯಾಗ ಒತ್ತಿ ಆಫೀಸಿಗೆ ಹೋಗಿಬಿಟ್ಟ.

ಸಂಜೀಕ ಧಾರಾವಾಹಿ ಹುಡುಕಿದ್ರ ಬರೇ ಕುಣಿಯೂ ಬದನಿಕಾಯಿ! ಮೊಮ್ಮಗಳು ನನ್ನ ಬೆನ್ನ ಸವರಿ, "ಇರ್ಲಿ ಬಿಡು ಅಜ್ಜಿ, ದೊಡ್ಡಾಕಿ ಆದಮ್ಯಾಲ ನೋಡೀಯಂತ" ಅಂದ್ಲು.

ಹಟಮಾರಿ ಕೂಸು

ಧಾರಾವಾಹಿ ಮುಗಿಯಾಕ ಬಂದಿತ್ತು. ಆ ಕೆಟ್ಟ ಅತ್ತಿ ಜೇಲಿಗೆ ಹೋಗತಾಳೋ ಇಲ್ಲೋ ಅಂತ ನನಗ ರೊಟ್ಟಿ ಒಳಗ ಇಳೀವಲ್ದು. ಮೊಮ್ಮಗಳು ಉಪಾಯ ಹೇಳಿದ್ಲು: "ಇಲ್ಲಿ ಒತ್ತು ಅಜ್ಜಿ, ಅಪ್ಪನ ಫೋನಿಗೆ ಹೋಗಿ ಪರವಾನಗಿ ಕೇಳತೈತಿ."

ಒತ್ತಿದೆ. ಉತ್ತರ ಇಲ್ಲ. ಮತ್ತ ಒತ್ತಿದೆ. ಒತ್ತಿಕೋತನ ಕುಂತೆ.

ಮಗ ಆಗ ಸಾಹೇಬರ ಮುಂದ ತನ್ನ ಫೋನ್ ದೊಡ್ಡ ಪರದೆಗೆ ಹಚ್ಚಿ ಏನೋ ತೋರಸಾಕ ಹತ್ತಿದ್ದನಂತ. ನಡುನಡುವ ಪರದೆ ಮ್ಯಾಲ ಎದ್ದು ಕಾಣತಿತ್ತಂತ: "ನಿಮ್ಮ ಮಗು ದೊಡ್ಡವರ ಧಾರಾವಾಹಿ ನೋಡಲು ಅನುಮತಿ ಕೇಳುತ್ತಿದೆ."

"ಭಾಳ ಹಟಮಾರಿ ಐತಲ್ರೀ ನಿಮ್ಮ ಕೂಸು! ವಯಸ್ಸೆಷ್ಟು?" ಅಂದ್ರಂತ ಸಾಹೇಬ್ರು.

ನನ್ನ ಮಗ ಸುಳ್ಳ ಹೇಳಾವಲ್ಲ. "ಎಪ್ಪತ್ತೆರಡ್ರೀ ಸರ್" ಅಂದ.

ಖಾನಾಪುರದಾಗ ಒಡಪು

ಮಗ ಅವತ್ತ ಸಂಜೀಕನ ನನ್ನ ಮೊಲಾನ್ನ ದೊಡ್ಡವರ ಸಾಲಿಗೆ ಹಾಕಿದ. ಧಾರಾವಾಹಿಯ ಕಡೀ ಕಂತಿನ ದಿನ ನಾನೂ ನಮ್ಮ ಯಜಮಾನ್ರೂ ಖಾನಾಪುರಕ್ಕ ನಾದಿನಿ ಮನಿಗೆ ಹೋಗಿದ್ವಿ. ಅಕಿ ಟಿವಿಗೂ ನಮ್ಮದ ಖಾತೆ. ಬಾಜೂ ಮನಿ ಹೆಣ್ಮಕ್ಕಳೂ ಬಂದು ಕುಂತ್ರು. ಹಚ್ಚಿದ್ರ ಪಾಸ್‌ವರ್ಡ್ ಕೇಳತು! ಮಗಗ ಫೋನ್ ಮಾಡಿದೆ.

"ಬದಲಿ ಮಾಡೀನವ್ವಾ. ನೀ ಅಪ್ಪಗ ಏನಂತ ಕರೀತಿ, ಅದನ್ನ ಹಾಕ್ರಿ" ಅಂದು ಇಟ್ಟುಬಿಟ್ಟ.

ಅಯ್ಯ ಶಿವನ, ಗಂಡನ ಹೆಸರು! ಅದನ್ನ ನಾವು ಹಂಗ ಬಾಯಿಲೆ ಆಡಂಗಿಲ್ಲ. ಆಡಿದ್ರ ಒಡಪಿನ್ಯಾಗ ಹೆಣೆದು, ಪ್ರಾಸ ಕೂಡಿಸಿ ಆಡಬೇಕು.

ನಾದಿನಿಗೆ ತನ್ನ ಅಣ್ಣನ ಹೆಸರು ಗೊತ್ತಿಲ್ಲೇನು? ಆದ್ರೂ ರಿಮೋಟ್ ಸೆರಗಿನ್ಯಾಗ ಮುಚ್ಚಿಕೊಂಡು, "ವೈನಿ, ನೀವು ಒಡಪ ಹಾಕಿದ್ರ ಒತ್ತತೀನಿ. ಇಲ್ಲಾಂದ್ರ ಇಲ್ಲ" ಅಂದ್ಲು.

"ನಾನ ಹೇಳತೀನಿ ತಗೋರಿ" ಅಂದ್ರು ಯಜಮಾನ್ರು ಮೂಲ್ಯಾಗಿಂದ.

"ಅಣ್ಣಾ, ನೀ ಸುಮ್ಮ ಕುಂದರು!"

ಅಲ್ಲಿ ಅತ್ತಿ ಜೇಲಿನ ಬಾಗಲಿಗೆ ನಿಂತಾಳ, ಇಲ್ಲಿ ನಾ ನಾಚಿಕೊಂಡ್ರ ಹ್ಯಾಂಗ? ಸೆರಗ ಹೊತ್ತು ಹೇಳಿದೆ:

"ಗುಂಜಿ ಗುಡ್ಡಕ್ಕ ಮೋಡ ಬಂತು, ಮೋಡಕ್ಕ ಮಿಂಚ ಬಂತು,
ಮಲ್ಲಪ್ಪನವರು ಕುಡದಮ್ಯಾಲ ನನ್ನ ಚಹಾಕ್ಕ ರುಚಿ ಬಂತು."

ಎಲ್ಲಾರೂ ಚಪ್ಪಾಳಿ ಹೊಡದ್ರು. ನಾದಿನಿ ಹೆಸರ ಒತ್ತಿದ್ಲು. ತಪ್ಪು ಅಂತು ಟಿವಿ.

"ಒಡಪ ಸಪ್ಪಗಾತು, ಇನ್ನೊಂದ ಹಾಕ್ರಿ" ಅಂದ್ಲು ಬಾಜೂ ಮನ್ಯಾಕಿ. ಹಾಕಿದೆ:

"ರವಿವಾರ ಪ್ಯಾಟಿ ಬೆಲ್ಲ ತಂದ್ರ ಇರುವಿ ಬಂದು ಹತ್ತತಾವ,
ಮಲ್ಲಪ್ಪನವರು ಸಿಟ್ಟಿಗೆದ್ರ ಹುಬ್ಬ ಹಣಿಗೆ ಹತ್ತತಾವ."

ನಾದಿನಿ ಈ ಸಲ 'ನವರು' ಕೂಡಿಸಿ ಒತ್ತಿದ್ಲು. ಮತ್ತ ತಪ್ಪು! ತಿರಗಿ ಮಗಗ ಫೋನ್.

"ಏನಂತ ಹಾಕೀರಿ?"

"ನಿಮ್ಮಪ್ಪನ ಹೆಸರೋ!" ಅಂದ್ಲು ನಾದಿನಿ.

"ಅಯ್ಯ ಅತ್ಯಾ, ಅವ್ವ ಯಾವತ್ತರ ಅಪ್ಪಗ ಹೆಸರ ಹಿಡದು ಕರದಾಳೇನು? 'ಏನ್ರೀ ಬರ್ರಿಲ್ಲೆ' ಅಂತ ಹಾಕ್ರಿ!"

ಹಾಕಿದ್ವಿ. ಟಿವಿ ತಟ್ಟನ ತೆರೀತು. ಆ ಅತ್ತಿ ಜೇಲಿಗೂ ಹೋದ್ಲು, ಆದ್ರ ಅಕಿನ್ನ ನೋಡಾವರ ಯಾರು? ಎಲ್ಲಾರೂ ನನ್ನ ನೋಡಿ ಬಿದ್ದಬಿದ್ದ ನಗಾಕ ಹತ್ತಿದ್ರು.

ಮೂಲ್ಯಾಗಿಂದ ಯಜಮಾನ್ರು ಅಂದ್ರು: "ಅಕಿ ಹಂಗ ಕರದ್ರ ಮಂಡಿ ನೋವಿದ್ರೂ ನಾ ಎದ್ದ ಬರ್ತೀನಿ. ಟಿವಿ ಹ್ಯಾಂಗ ಬರೂದಿಲ್ಲ!"